ಸೀರೆಯ ಸುರುಳಿಯೊಳಗೆ ಲಂಡನ್ ಆಟ

ಡ್ರಿಲ್ ಮಾಸ್ತರ ಎಂದರೆ ಧೈರ್ಯವಂತ ಎಂದು ಜನ ಸುಮ್ಮನೆ ನಂಬಿಬಿಡುತ್ತಾರೆ. ಎದೆ ಸೆಟೆಸಿ ನಿಲ್ಲುವುದನ್ನು ಊರ ಮಕ್ಕಳಿಗೆಲ್ಲ ಕಲಿಸುವವನು ತಾನು ಹೆದರುತ್ತಾನೆಯೇ? ನಾನು ಜೀವಮಾನವೆಲ್ಲ ಆ ಕೆಲಸ ಮಾಡಿದವನು. ಹೇಳುತ್ತೇನೆ ಕೇಳಿ, ನನ್ನಷ್ಟು ಪುಕ್ಕಲ ನಾರಾಯಣಪೇಟೆಯಲ್ಲಿ ಇನ್ನೊಬ್ಬ ಇರಲಿಲ್ಲ. ನನ್ನ ಧೈರ್ಯವೆಲ್ಲ ಕೊರಳಲ್ಲಿ ತೂಗುತ್ತಿದ್ದ ಸೀಟಿಯಲ್ಲಿತ್ತು, ಅದೂ ಮೈದಾನದಲ್ಲಿ ಮಾತ್ರ.

ಪೋಲೀಸ್ ಆಕ್ಷನ್ ಆದ ವರ್ಷದ ಮಾತಿದು. ಸುತ್ತಲಿನ ಹಿಂದುಸ್ತಾನಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು. ನಮ್ಮದು ಮಾತ್ರ ಇನ್ನೂ ಹೈದರಾಬಾದ್ ಸಂಸ್ಥಾನ, ನಿಜಾಮ ಸರ್ಕಾರ. ಹಿಂದುಸ್ತಾನಕ್ಕೆ ಸೇರಬೇಕು ಎಂದವನು ದ್ರೋಹಿ. ಅಂಥ ದ್ರೋಹಿಗಳನ್ನು ಹುಡುಕಲೆಂದು ಊರೂರಲ್ಲಿ ಖಾಕಿ ತೊಟ್ಟ ದಂಡು ಎದ್ದಿತ್ತು. ಅವರ ನಿಜ ಹೆಸರನ್ನು ನಮ್ಮ ಓಣಿಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ‘ಖಾಕಿ ಮಂದಿ’ ಎನ್ನುತ್ತಿದ್ದೆವು, ಅದೂ ಆಚೀಚೆ ನೋಡಿ. ಇಷ್ಟು ವರ್ಷದ ಮೇಲೆ ಬರೆಯಲು ಕೂತರೂ ಕೈ ಅದನ್ನೇ ಬರೆಯುತ್ತದೆ. ದಾಮರಗಿದ್ದದ ದಾರಿಯಲ್ಲಿ ಬಂಡಿ ತಡೆದರಂತೆ, ಮದ್ದೂರಿನ ಕಡೆ ಯಾರನ್ನೋ ಎಳೆದೊಯ್ದರಂತೆ ಎಂದು ದಿನಕ್ಕೊಂದು ಅಂತೆ ಬರುತ್ತಿತ್ತು. ನಿಜವೋ ಸುಳ್ಳೋ, ಕೇಳಿದಾಗಲೆಲ್ಲ ನಾನು ಎದ್ದು ಬಾಗಿಲ ಅಗಳಿ ನೋಡಿ ಬರುತ್ತಿದ್ದೆ.

ನನಗಾಗ ಇಪ್ಪತ್ತನಾಲ್ಕು. ಮಕ್ತಲ್ ಕಡೆಯವನು, ಮದುವೆಯಾಗಿರಲಿಲ್ಲ, ಒಬ್ಬ ನೇಕಾರರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಶಾಲೆಯಲ್ಲಿ ನನಗಿದ್ದ ಒಬ್ಬನೇ ಗೆಳೆಯ ಉರ್ದು ಮಾಸ್ತರ. ಗದ್ವಾಲದವನು, ಮುಸಲ್ಮಾನ, ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಆಳು. ಹೈದರಾಬಾದಿನಲ್ಲಿ ಓದುವಾಗ ಕಾಲೇಜಿನ ಫುಟ್‌ಬಾಲ್ ಟೀಮಿನಲ್ಲಿ ಗೋಲ್ ಕಾಯುತ್ತಿದ್ದನಂತೆ. ನಾನು ಅವನನ್ನು ಉಸ್ತಾದ್ ಎನ್ನುತ್ತಿದ್ದೆ, ಅವನು ನನ್ನನ್ನು ಮಾಸ್ತರ್ ಎನ್ನುತ್ತಿದ್ದ. ಶಾಲೆ ಬಿಟ್ಟ ಮೇಲೆ ಹಿಂದಿನ ಕಲ್ಲು ಬಯಲಿನಲ್ಲಿ ಅವನು ಎರಡು ಇಟ್ಟಿಗೆಗಳ ನಡುವೆ ನಿಲ್ಲುವನು, ನಾನು ಒದೆಯುವೆ. ಚೆಂಡಿನ ಬ್ಲಾಡರಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಅಂಟಿಸಿ ಅದು ಹಾರುವುದನ್ನೇ ಮರೆತಿತ್ತು.

ಆ ಮಳೆಗಾಲದಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಆಟ ನಡೆಯುವುದಿತ್ತು. ನಮಗೆ ಈ ಸುದ್ದಿ ಮುಟ್ಟಿದ್ದು ನೂಲಿನ ಗಂಟಿನ ಮೂಲಕ. ಹಿಂದುಸ್ತಾನದ ಪತ್ರಿಕೆಗಳು ನಮ್ಮಲ್ಲಿಗೆ ಬರುವಂತಿರಲಿಲ್ಲ, ಗಡಿ ಬಂದ್ ಆಗಿತ್ತು. ಆದರೆ ಸೋಲಾಪುರದ ನೂಲು ಹೇಗೋ ಕದ್ದು ಮುಚ್ಚಿ ನಾರಾಯಣಪೇಟೆಯ ಮಗ್ಗಗಳಿಗೆ ಬರುತ್ತಿತ್ತು, ಮತ್ತು ನೂಲನ್ನು ಹಳೆಯ ಪತ್ರಿಕೆಯಲ್ಲೇ ಸುತ್ತಿರುತ್ತಿದ್ದರು. ನನ್ನ ಮನೆಯೊಡತಿ, ನೇಕಾರರ ಹೆಂಡತಿ, ಆ ಹಾಳೆಗಳನ್ನು ನನಗಾಗಿ ಮಡಿಸಿ ಇಡುವಳು. ‘ತಗೋರಿ ಮಾಸ್ತರ್, ನಿಮ್ಮ ಮೇವು’ ಎನ್ನುವಳು. ಹರಿದ ಹಾಳೆಗಳನ್ನು ಜೋಡಿಸಿ ಜೋಡಿಸಿ ನಾವಿಬ್ಬರು ಯಾವ ಯಾವ ದೇಶದ ಟೀಮು ಹೋಗುತ್ತಿದೆ ಎಂದು ಪತ್ತೆ ಮಾಡಿದೆವು.

ಆಮೇಲೆ ನಮಗೆ ಹುಚ್ಚು ಹಿಡಿಯಿತು. ಶಾಲೆಯ ಕಪಾಟಿನಲ್ಲಿದ್ದ ಹಳೆಯ ನಕಾಶೆಯ ಬೆನ್ನಿಗೆ ಗೆರೆ ಎಳೆದೆವು. ಮೊದಲು ದೇಶದ ಹೆಸರು, ಆಮೇಲೆ ಅದರ ಬಲ, ಆಮೇಲೆ ಊನ, ಆಮೇಲೆ ಹದಿನಾರಾಣೆಯಲ್ಲಿ ಎಷ್ಟಾಣೆ ಭರವಸೆ ಎಂಬ ಲೆಕ್ಕ. ಕೊನೆಯ ಅಂಕಣ ಖಾಲಿ. ಅದು ಫಲ ಬರೆಯಲು. ನಾನು ಕನ್ನಡದಲ್ಲಿ ಬರೆಯುವೆ, ಅವನು ಅಂಚಿನಲ್ಲಿ ಉರ್ದುವಿನಲ್ಲಿ ಕಿಡಿಗೇಡಿತನ ಮಾಡುವನು.

ಬ್ರಿಟನ್ನಿಗೆ ನಾನು ಹತ್ತಾಣೆ ಕೊಟ್ಟೆ. ಮನೆಯ ಮೈದಾನ, ಮನೆಯ ಮಂದಿ, ಆಟ ಹುಟ್ಟಿಸಿದವರು. ಅಂಚಿನಲ್ಲಿ ಅವನು ಬರೆದ, ‘ಹೆತ್ತವಳೇ ಚೆನ್ನಾಗಿ ಸಾಕುತ್ತಾಳೆ ಅಂತ ಏನು ಗ್ಯಾರಂಟಿ?’ ಸ್ವೀಡನ್ನಿಗೆ ನಾನು ಆರಾಣೆ ಹಾಕಿದರೆ ಅವನು ಹೊಡೆದು ಹನ್ನೆರಡು ಮಾಡಿದ, ‘ಯುದ್ಧದಲ್ಲಿ ಸೇರದ ದೇಶ, ಹುಡುಗರು ಹೊಟ್ಟೆ ತುಂಬ ಉಂಡಿದ್ದಾರೆ.’ ಆಸ್ಟ್ರಿಯಾದವರು ಆಟ ಬಲ್ಲವರು, ಆದರೆ ಸ್ವೀಡನ್ನಿಗೇ ಎದುರಾಗಿದ್ದಾರೆ, ಪಾಪ. ಯುಗೋಸ್ಲಾವಿಯಾ ಎಂದು ಬರೆಯಲು ನನಗೆ ಎರಡು ಸಲ ತಪ್ಪಿತು, ಆ ಸಿಟ್ಟಿಗೆ ಒಂದಾಣೆ ಕಡಿಮೆ ಕೊಟ್ಟೆ. ಲಕ್ಸೆಂಬರ್ಗ್ ಎಂಬ ದೇಶವನ್ನು ನಕಾಶೆಯ ಮುಂಬದಿ ತಿರುಗಿಸಿ ಹುಡುಕಿದರೆ ಸಾಸಿವೆ ಕಾಳಿನಷ್ಟಿತ್ತು. ‘ಹನ್ನೊಂದು ಜನ ನಿಂತರೆ ಚೆಂಡಿಗೆ ಜಾಗ ಎಲ್ಲಿ?’ ಎಂದು ಅವನ ಟಿಪ್ಪಣಿ. ತುರ್ಕರಿಗೆ, ಈಜಿಪ್ತಿನವರಿಗೆ ನಾನು ಅವನ ಮುಖ ನೋಡಿ ಧಾರಾಳವಾಗಿ ಐದೈದು ಆಣೆ ಕೊಟ್ಟೆ. ಅವನು ನಕ್ಕು ಎರಡೆರಡಕ್ಕೆ ಇಳಿಸಿದ. ‘ನನ್ನ ಮಾರಿ ನೋಡಿ ಆಣೆ ಹಂಚಬ್ಯಾಡ್ರಿ ಮಾಸ್ತರ್, ಅವರ ಕಾಲು ನೋಡಿ ಹಂಚ್ರಿ’ ಎಂದ.

ಹಿಂದುಸ್ತಾನದ ಸಾಲನ್ನು ಇಬ್ಬರೂ ಬೇಕೆಂದೇ ಕೊನೆಗೆ ಇಟ್ಟಿದ್ದೆವು. ಆ ಹೆಸರು ಬರೆಯುವಾಗ ನಾನು ಎದ್ದು ಬಾಗಿಲು ಹಾಕಿ ಬಂದೆ. ಬಲ: ಬೆಂಗಳೂರಿನ ಹುಡುಗರಿದ್ದಾರೆ, ಚೆಂಡು ಅವರ ಮಾತು ಕೇಳುತ್ತದೆ. ಊನ: ಬಹಳ ಜನ ಬರಿಗಾಲಿನಲ್ಲಿ ಆಡುವವರು, ಎದುರಿಗೆ ಬೂಟಿನ ಫ್ರಾನ್ಸ್. ನಾನು ನಾಲ್ಕಾಣೆ ಎಂದೆ, ಅವನು ಒಪ್ಪಲಿಲ್ಲ. ‘ಮಳಿ ಬರಲಿಲ್ಲಂದ್ರ ಎಂಟಾಣಿ. ಮಳಿ ಬಂತಂದ್ರ ಕಾಲು ಜಾರ್ತಾವ, ಅಲ್ಲಾ ಮಾಲಿಕ್’ ಎಂದ. ಆಮೇಲೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿದ. ಹೈದರಾಬಾದಿಗೆ ತನ್ನದೇ ಟೀಮು ಇರಲಿಲ್ಲ. ಹಾಗಾದರೆ ಇಷ್ಟೆಲ್ಲ ದೇಶಗಳಲ್ಲಿ ನಮ್ಮವರು ಯಾರು? ಅವನು ಹಿಂದುಸ್ತಾನದ ಸಾಲಿನ ಅಂಚಿನಲ್ಲಿ ಉರ್ದುವಿನಲ್ಲಿ ಒಂದೇ ಮಾತು ಬರೆದ, ‘ಇವರು ನಮ್ಮವರು.’ ಕೆಳಗೆ ರುಜು ಹಾಕಿದ. ಬೇಡವೆಂದು ನಾನು ಅವನ ಮಣಿಕಟ್ಟು ಹಿಡಿದೆ, ಅಷ್ಟರಲ್ಲಿ ಬರೆದಾಗಿತ್ತು.

ನಮ್ಮ ಗುಟ್ಟು ಹೊರಬಿದ್ದದ್ದು ಶಾಲೆಯ ಜವಾನನ ಪ್ರೀತಿಯಿಂದ. ಚಹಾದ ಅಂಗಡಿಯಲ್ಲಿ ಯಾರೋ ಮಾಸ್ತರರನ್ನು ಹಗುರಾಗಿ ಆಡಿದರಂತೆ. ಇವನಿಗೆ ಸಿಟ್ಟು ಬಂದು, ‘ನಮ್ಮ ಮಾಸ್ತರ್ ದುನಿಯಾದ ಎಲ್ಲಾ ದೇಶದ ಬಲ ಬರದಿಟ್ಟಾರ, ಹಿಂದುಸ್ತಾನದ್ದೂ ಬರದಾರ’ ಎಂದುಬಿಟ್ಟ. ಸಂಜೆಗೆ ಅವನೇ ಬಂದು ಹೆಮ್ಮೆಯಿಂದ ನನಗೆ ವರದಿ ಒಪ್ಪಿಸಿದ. ನಾನು ಅಂದೇ ಕಪಾಟಿನಿಂದ ಹಾಳೆಯನ್ನು ಸುರುಳಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದೆ. ಸುಡಬೇಕಿತ್ತು. ಮನಸ್ಸು ಬರಲಿಲ್ಲ, ಫಲದ ಅಂಕಣ ಇನ್ನೂ ಖಾಲಿ ಇತ್ತು.

ಎರಡನೆಯ ದಿನ ಬೆಳಿಗ್ಗೆ ಖಾಕಿ ಮಂದಿ ಓಣಿಗೆ ಬಂದರು. ಅವರ ಮುಂದಾಳುವನ್ನು ಸಾಲಾರ ಎನ್ನುತ್ತಿದ್ದರು. ಅದೇ ಓಣಿಯಲ್ಲಿ ಬೆಳೆದವನು. ಬೂಟಿನ ಸದ್ದು ತಿರುವಿನಲ್ಲಿ ಕೇಳಿತು. ಹಾಳೆ ಕೈಯಲ್ಲಿ ಹಿಡಿದು ನಡುಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಮನೆಯೊಡತಿ ಬಂದು ಅದನ್ನು ಕಸಿದುಕೊಂಡಳು. ಗಂಡ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಮೂರನೆಯ ಸೀರೆ ನೇಯುತ್ತಿದ್ದ. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡನ್ನು ಅವಳು ಎರಡು ಸುತ್ತು ಸಡಿಲಿಸಿ, ಹಾಳೆ ಹಾಸಿ, ಮತ್ತೆ ಬಿಗಿಯಾಗಿ ಸುತ್ತಿಬಿಟ್ಟಳು. ಗಂಡ ಮತ್ತೆ ಲಾಳಿ ಎಸೆದ.

ಇಲ್ಲಿ ನಾರಾಯಣಪೇಟೆಯ ಮಗ್ಗದ ವಿಷಯ ಹೇಳಬೇಕು. ನಮ್ಮಲ್ಲಿ ಒಂದೊಂದು ಸೀರೆಗೆ ಒಂದೊಂದು ಹಾಸು, ಅಂದರೆ ಉದ್ದೆಳೆಗಳ ಸಾಲು, ಹೂಡುವುದಿಲ್ಲ. ಒಂದೇ ಉದ್ದನೆಯ ಹಾಸಿನ ಮೇಲೆ ಎಂಟು ಸೀರೆ ಸಾಲಾಗಿ ನೇಯುತ್ತಾರೆ. ಎಂಟೂ ಮುಗಿದ ಮೇಲೆಯೇ ಕೊಯ್ದು ಇಳಿಸುವುದು. ದಿಂಡನ್ನು ಒಂದೆರಡು ಸುತ್ತು ಸಡಿಲಿಸಬಹುದು, ಪೂರಾ ಬಿಚ್ಚಬೇಕೆಂದರೆ ಕೊಯ್ಯಲೇಬೇಕು. ನಡುವೆ ಕೊಯ್ದರೆ ಎಳೆಗಳ ಬಿಗಿ ಹೋಗಿ ಉಳಿದ ಹಾಸು ಕೆಡುತ್ತದೆ. ಆ ಮನೆಯಲ್ಲಂತೂ ಸಾವಾದರೆ ಮಾತ್ರ ಹಾಸನ್ನು ನಡುವೆ ಕೊಯ್ಯುವ ಪದ್ಧತಿ.

ಅವರು ನನ್ನ ಟ್ರಂಕು ಸುರುವಿದರು, ಹಾಸಿಗೆ ಕೊಡವಿದರು, ಹಿಟ್ಟಿನ ಡಬ್ಬದಲ್ಲಿ ಕೈ ಹಾಕಿದರು. ಒಬ್ಬ ಲಾಠಿಯಿಂದ ದಿಂಡನ್ನು ತಟ್ಟಿದ. ಕಾಗದ ಚರ್ ಎಂದಿತು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ‘ಇದನ್ನ ಬಿಚ್ಚು’ ಎಂದ ಅವನು. ನೇಕಾರ ತಲೆ ಎತ್ತದೆ ಹೇಳಿದ, ‘ಬಿಚ್ಚಾಕ ಬರಂಗಿಲ್ರಿ, ಕೊಯ್ಯಬೇಕು. ಕೊಯ್ರಿ. ಈ ಮನ್ಯಾಗ ಹೆಣ ಬಿದ್ದಾಗ ಅಷ್ಟಾ ಕೊಯ್ಯೋದು. ಸಾಲಾರ್ ಸಾಬ್ರಿಗೆ ಗೊತ್ತೈತಿ.’ ಸಾಲಾರ ಮಗ್ಗವನ್ನು ನೋಡಿದ, ನನ್ನನ್ನು ನೋಡಿದ. ಎಷ್ಟಾದರೂ ಮಗ್ಗದ ಓಣಿಯಲ್ಲಿ ಬೆಳೆದವನು, ‘ಛೋಡೋ’ ಎಂದ. ದಿಂಡನ್ನು ಬಿಟ್ಟರು, ನನ್ನನ್ನು ಬಿಡಲಿಲ್ಲ.

ಚಾವಡಿಯ ಹಿಂದಿನ ಕೊಟ್ಟಿಗೆಯಲ್ಲಿ ಮಧ್ಯಾಹ್ನದವರೆಗೆ ಕೂಡಿಸಿದ್ದರು. ಯಾರೂ ಹೊಡೆಯಲಿಲ್ಲ. ಹೊಡೆಯುವರು ಎಂದು ಕಾಯುವುದೇ ಸಾಕಾಗಿತ್ತು. ಪಕ್ಕದಲ್ಲಿ ಎಮ್ಮೆಯೊಂದು ಮೆಲುಕು ಹಾಕುತ್ತಿತ್ತು, ಅದರ ಸದ್ದಿಗೆಲ್ಲ ನಾನು ಬೆಚ್ಚುತ್ತಿದ್ದೆ. ಪಂಚೆ ಒದ್ದೆಯಾದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ಆಮೇಲೆ ಹೊರಗೆ ಉಸ್ತಾದನ ದನಿ ಕೇಳಿತು. ಸಾಲಾರನ ಹತ್ತಿರ ಉರ್ದುವಿನಲ್ಲಿ ಮಾತಾಡುತ್ತಿದ್ದ, ನಗುನಗುತ್ತ. ಆ ಕಾಗದ ಬರೀ ಚೆಂಡಾಟದ್ದು, ಡ್ರಿಲ್ ಮಾಸ್ತರ ಕೋಳಿಗೂ ಹೆದರುವವನು, ಅವನಿಂದ ಯಾವ ದ್ರೋಹ ಆದೀತು ಎಂದ. ಸಾಲಾರ ಒಪ್ಪಲಿಲ್ಲ. ತಿಂಗಳಿಂದ ನಿನ್ನನ್ನು ಖಾಕಿ ತೊಡು ಎಂದು ಕರೆಯುತ್ತಿದ್ದೇನೆ, ನೀನು ತಪ್ಪಿಸಿಕೊಳ್ಳುತ್ತಿದ್ದೀಯ ಎಂದ. ಆಮೇಲೆ ಉಸ್ತಾದ, ‘ಸರಿ, ನಾಳೆಯಿಂದ ಬರುತ್ತೇನೆ. ನಿಮ್ಮ ಹುಡುಗರಿಗೆ ಕವಾಯತು ಹೇಳಿಕೊಡುತ್ತೇನೆ. ಅವನನ್ನು ಬಿಡಿ’ ಎಂದ. ನನ್ನನ್ನು ಬಿಟ್ಟರು.

ದಾರಿಯಲ್ಲಿ ನಾನು ಅವನ ಹಿಂದೆ ಹಿಂದೆಯೇ ನಡೆದೆ. ಅವನೇ ಹೇಳಿದ, ‘ಒಂದಾ ತೊಂದ್ರಿ ಮಾಸ್ತರ್. ನನಗ ಕವಾಯತು ಬರಂಗಿಲ್ಲ. ನೀವಾ ಕಲಿಸಬೇಕು.’

ಹೀಗೆ ನಡೆಯಿತು ನಮ್ಮ ನಾಟಕ. ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ನಾನು ಅವನಿಗೆ ಎಡ ಬಲ ಕಲಿಸುವೆ, ಮರುದಿನ ಬೆಳಿಗ್ಗೆ ಅದೇ ಬಯಲಿನಲ್ಲಿ ಅವನು ಖಾಕಿ ತೊಟ್ಟು ಇಪ್ಪತ್ತು ಮಂದಿಗೆ ಕಲಿಸುವನು. ಗೋಲ್ ಕಾಯುವವನಿಗೆ ಕೈ ಚಾಚಿ ಜಿಗಿಯುವುದು ರೂಢಿ, ನೆಟ್ಟಗೆ ನಿಲ್ಲುವುದಲ್ಲ. ತಿರುಗು ಎಂದರೆ ತಾನೇ ತಪ್ಪು ಕಡೆ ತಿರುಗುವನು. ಊರಿನವರು ಮೋಟು ಗೋಡೆಗಳ ಹಿಂದಿನಿಂದ ನೋಡುತ್ತಿದ್ದರು. ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ನಗುವಂತಿದ್ದರೂ ಯಾರೂ ನಗುತ್ತಿರಲಿಲ್ಲ. ಅವನು ಯಾರಿಗೂ ಒಂದು ಏಟು ಹಾಕಿದವನಲ್ಲ, ಯಾರ ಮನೆಗೂ ನುಗ್ಗಿದವನಲ್ಲ. ಆದರೆ ಖಾಕಿ ಖಾಕಿಯೇ.

ಲಂಡನ್ನಿನ ಆಟ ಮುಗಿದಿರಬೇಕು ಎಂದು ನಮಗೆ ಗೊತ್ತಿತ್ತು. ಫಲ ಗೊತ್ತಿರಲಿಲ್ಲ. ನೂಲು ಬರುವುದು ನಿಂತಿತ್ತು, ಅದರ ಜೊತೆಗೆ ಪತ್ರಿಕೆಯ ಚೂರೂ ನಿಂತಿತ್ತು. ರೇಡಿಯೊ ಇದ್ದ ಒಬ್ಬ ವ್ಯಾಪಾರಿಯ ಮನೆಯ ಮುಂದೆ ಕಾವಲಿತ್ತು. ಕವಾಯತಿನ ಪಾಠದ ನಡುವೆ ಉಸ್ತಾದ ದಿನಾ ಕೇಳುವನು, ‘ಏನಾರ ತಿಳೀತೇನ್ರಿ? ಮಳಿ ಬಂದಿತ್ತೋ ಏನೋ.’ ಹಾಳೆಯ ಮೇಲೆ ಸೀರೆಯ ಸುತ್ತುಗಳು ಏರುತ್ತಿದ್ದವು. ನಾಲ್ಕನೆಯದು, ಐದನೆಯದು. ಇದ್ದ ನೂಲನ್ನೇ ಉಳಿಸಿ ಉಳಿಸಿ ನೇಯುತ್ತಿದ್ದರು. ಹಾಳೆ ಅಲ್ಲೇ ಇರಲಿ, ಅದಕ್ಕಿಂತ ಭದ್ರ ಜಾಗ ಇಲ್ಲ ಎಂದು ನಾನೇ ಹೇಳಿದ್ದೆ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಸೈನ್ಯ ಬಂತು. ಬರುತ್ತದೆ ಬರುತ್ತದೆ ಎಂದು ತಿಂಗಳುಗಟ್ಟಲೆ ಹೆದರಿದ್ದು, ಬಂದದ್ದು ನಾಲ್ಕೈದು ದಿನದಲ್ಲಿ ಮುಗಿದೇ ಹೋಯಿತು. ಸಾಲಾರ ಓಡಿಹೋದ. ಖಾಕಿ ಅಂಗಿಗಳು ಬಾವಿಗಳಲ್ಲಿ ತೇಲಿದವು. ನಾನು ಈ ಬಾರಿಯಾದರೂ ನಿರುಮ್ಮಳವಾಗಿ ಉಸಿರಾಡಬಹುದು ಎಂದುಕೊಂಡೆ. ಆದರೆ ಭಯ ಊರು ಬಿಟ್ಟು ಹೋಗಲಿಲ್ಲ, ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋಯಿತು. ನಿನ್ನೆಯವರೆಗೆ ಬಾಯಿ ಮುಚ್ಚಿದ್ದವರು ಇಂದು ಬೆರಳು ತೋರಿಸತೊಡಗಿದರು. ಮುಸಲ್ಮಾನರ ಮನೆಗಳ ಬಾಗಿಲು ಹಗಲಲ್ಲೇ ಮುಚ್ಚಿದವು. ತಪ್ಪು ಮಾಡಿದವರು ದೂರ ಹೋಗಿದ್ದರು, ಸಿಕ್ಕವರು ಮನೆಯಲ್ಲಿದ್ದವರು. ಶಾಲೆಯನ್ನೇ ಬಂದೀಖಾನೆ ಮಾಡಿದರು. ಕವಾಯತು ಕಲಿಸಿದವನು ಎಂದು ಉಸ್ತಾದನನ್ನು ಅವನು ಪಾಠ ಹೇಳುತ್ತಿದ್ದ ಕೋಣೆಯಲ್ಲೇ ಕೂಡಿದರು.

ಸುದ್ದಿ ತಂದವಳು ಮನೆಯೊಡತಿ. ತಂದವಳೇ ಒಳಗೆ ಹೋಗಿ ಕೊಯ್ಯುವ ಚೂರಿ ಹಿಡಿದು ಮಗ್ಗದ ಮುಂದೆ ನಿಂತಳು. ಏಳನೆಯ ಸೀರೆ ಅರ್ಧವಾಗಿತ್ತು.

‘ಕೊಯ್ತೀನ್ರಿ ಮಾಸ್ತರ್. ಆ ಕಾಗದದಾಗ ಆ ಸಾಬ್ರು ಬರದಾರಂತ ನೀವಾ ಹೇಳಿದ್ರಿ, ಹಿಂದುಸ್ತಾನ ನಮ್ಮದು ಅಂತ. ರುಜುನೂ ಹಾಕ್ಯಾರಂತ. ಒಯ್ದು ತೋರಸ್ರಿ.’

ನೇಕಾರ ಮಗ್ಗದಿಂದ ಎದ್ದು ಪಕ್ಕಕ್ಕೆ ಸರಿದ. ಅವನೂ ಸಿದ್ಧನಿದ್ದ. ನಾನು ಹೇಳಿದೆ, ‘ಬ್ಯಾಡವ್ವಾ, ಹಾಸು ಕೆಡ್ತೈತಿ. ಒಂದೂವರಿ ಸೀರಿ ಉಳದೈತಿ, ಮುಗೀಲಿ.’

ಅವಳು ನನ್ನ ಮುಖವನ್ನೇ ನೋಡಿದಳು. ‘ಹಾಸಿನ ಚಿಂತಿ ನಮಗಿರ್ಲಿ. ನಿಮಗ್ಯಾತರ ಚಿಂತಿ?’ ಎಂದಳು.

ನನ್ನ ಚಿಂತೆ ಏನೆಂದು ಮೂವರಿಗೂ ಗೊತ್ತಿತ್ತು. ಖಾಕಿಯವನ ಪರವಾಗಿ ಹೋಗಿ ನಿಂತರೆ ಇವನೂ ಅವರ ಪೈಕಿ ಎನ್ನುತ್ತಾರೆ. ಸಂಜೆ ಸಂಜೆ ಬಾಗಿಲು ಹಾಕಿ ಅವನಿಗೆ ಕವಾಯತು ಕಲಿಸಿದವನು ಯಾರು ಎಂದು ಕೇಳಿದರೆ? ಜವಾನ ನೋಡಿದ್ದಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ನಿಜ ಹೇಳಬೇಕೆಂದರೆ ಹಾಳೆಯೂ ಬೇಕಿರಲಿಲ್ಲ. ನಾನು ಹೋಗಿ ಬಾಯಿ ಬಿಟ್ಟು ನಡೆದದ್ದು ಹೇಳಿದ್ದರೆ ಸಾಕಿತ್ತು. ಹಾಸು ಕೆಡುತ್ತದೆ ಎಂಬ ನೆವ ಸಿಕ್ಕಿತು, ಹಿಡಿದುಕೊಂಡೆ. ಮನೆಯೊಡತಿ ಚೂರಿಯನ್ನು ಗೂಡಿನಲ್ಲಿಟ್ಟು ಒಲೆಯ ಕಡೆ ಹೋದಳು.

ಮರುದಿನ ಶಾಲೆಯ ಕಡೆ ಹೋದೆ. ಏಕೆ ಹೋದೆನೋ ಗೊತ್ತಿಲ್ಲ, ಕಾಲು ತಡೆಯಲಿಲ್ಲ. ಬಯಲಿನಲ್ಲಿ ಒಬ್ಬ ಸಿಪಾಯಿ ನಮ್ಮದೇ ತೇಪೆಯ ಚೆಂಡನ್ನು ಒದೆಯುತ್ತಿದ್ದ. ಬೆಳಗಾವಿ ಕಡೆಯವನು, ಕನ್ನಡದವನು. ಚೆಂಡು ನನ್ನ ಕಡೆ ಉರುಳಿ ಬಂತು, ನಾನು ಒದ್ದು ಕೊಟ್ಟೆ. ‘ಆಡ್ತೀರೇನ್ರಿ?’ ಎಂದ. ಮಾತಿಗೆ ಮಾತು ಬಂದು ನಾನು ಕೇಳಿಯೇಬಿಟ್ಟೆ, ಲಂಡನ್ನಿನಲ್ಲಿ ಏನಾಯಿತು ಎಂದು.

‘ನಿಮಗಿನ್ನೂ ಗೊತ್ತಿಲ್ಲೇನು? ಹಾಕಿಯಾಗ ಚಿನ್ನ ಬಂತಲ್ರೀ! ಫುಟ್‌ಬಾಲ್ ಕೈ ಕೊಡ್ತು. ಫ್ರಾನ್ಸ್ ಎರಡು, ನಮ್ಮದು ಒಂದು. ಎರಡು ಪೆನಾಲ್ಟಿ ಸಿಕ್ಕಿದ್ದುವು, ಎರಡೂ ಹಾಳ ಮಾಡಿದ್ರು. ಬರಿಗಾಲಾಗ ಆಡಿ ಅವರನ್ನ ಬೆವರಿಳಿಸಿದ್ರಂತ, ಆದ್ರೂ ಸೋತ್ರು’ ಎಂದು ತಲೆಯಾಡಿಸಿದ. ಫುಟ್‌ಬಾಲಿನಲ್ಲಿ ಗೆದ್ದವರು ಯಾರು ಎಂದೆ. ಸ್ವೀಡನ್ನಿನವರಿಗೆ ಚಿನ್ನ ಎಂದ. ಹನ್ನೆರಡಾಣೆ! ಉಸ್ತಾದನಿಗೆ ಹೇಳಬೇಕೆಂದು ನನ್ನ ಬಾಯಿ ತುರಿಸಿತು.

ಇಬ್ಬರೂ ಮಾತಾಡುತ್ತ ಬಾವಿಯ ಕಡೆ ಹೊರಟೆವು. ದಾರಿ ಉರ್ದು ಕೋಣೆಯ ಕಿಟಕಿಯ ಪಕ್ಕದಲ್ಲೇ. ಕಿಟಕಿಯ ಸರಳಿನ ಹಿಂದೆ ಬಹಳ ಮುಖಗಳಿದ್ದವು. ಎಲ್ಲರಿಗಿಂತ ಎತ್ತರದಲ್ಲಿ ಅವನದು. ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ಅವನ ಮುಖ ಅರಳಿತು. ಬಿಡಿಸು ಎನ್ನಲಿಲ್ಲ, ಸಾಕ್ಷಿ ಹೇಳು ಎನ್ನಲಿಲ್ಲ.

‘ಮಾಸ್ತರ್! ಫ್ರಾನ್ಸ್ ಆಟ ಏನಾತ್ರೀ? ಗೆದ್ರೇನು?’ ಎಂದ.

ನಾನು ನೆಲ ನೋಡುತ್ತ ನಡೆದೆ. ‘ಮಾಸ್ತರ್!’ ಎಂದು ಮತ್ತೆ ಕೂಗಿದ. ಸಿಪಾಯಿ ನಿಂತ. ‘ನಿಮ್ಮನ್ನಾ ಕರ್ಯಾಕತ್ತಾನ ನೋಡ್ರಿ’ ಎಂದ. ‘ನನ್ನನ್ನಲ್ಲ, ಬ್ಯಾರೆ ಯಾರನ್ನೋ’ ಎಂದೆ. ಮೂರನೆಯ ಸಲ ಅವನು ಕೂಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತು ಸಿಪಾಯಿ ಕೊಟ್ಟ ಬೀಡಿ ಹಚ್ಚಿದೆ, ಎರಡು ಕಡ್ಡಿ ಆರಿದವು.

ನಾಲ್ಕು ದಿನದ ನಂತರ ಲಾರಿಗಳು ಬಂದು ಅವರನ್ನು ದೂರದ ಜೈಲಿಗೆ ಸಾಗಿಸಿದವು. ಅದಾಗಿ ವಾರಕ್ಕೆ ಎಂಟನೆಯ ಸೀರೆ ಮುಗಿಯಿತು. ಮನೆಯೊಡತಿ ದಿಂಡಿನಿಂದ ಬಟ್ಟೆ ಬಿಚ್ಚುತ್ತ ಹೋದಳು, ಅಂಗಳದ ತುಂಬ ಸೀರೆ ಹರಡಿತು. ಎರಡನೆಯ, ಮೂರನೆಯ ಸೀರೆಗಳ ನಡುವಿನಿಂದ ಹಾಳೆ ಜಾರಿ ಬಿತ್ತು. ಒಂದು ಮಡಿಕೆಯೂ ಬಿದ್ದಿರಲಿಲ್ಲ. ಸೀರೆಯಂಚಿನ ಕೆಂಪು ಬಣ್ಣ ಸ್ವಲ್ಪ ಹತ್ತಿತ್ತು. ಅವಳು ಎತ್ತಿ ನನ್ನ ಕೈಗೆ ಕೊಟ್ಟಳು, ‘ತಗೋರಿ’ ಎಂದಳು. ಅಷ್ಟೇ. ಆಮೇಲೆ ನಾನು ಆ ಮನೆಯಲ್ಲಿ ಇದ್ದಷ್ಟು ದಿನ ಅವಳು ನನಗೆ ಊಟ ಬಡಿಸಿದಳು, ನಗೆಚಾಟಿಕೆ ಮಾತ್ರ ಮಾಡಲಿಲ್ಲ.

ಮರುವರ್ಷ ನನಗೆ ಮಕ್ತಲ್‌ಗೆ ವರ್ಗವಾಯಿತು. ಅಲ್ಲಿದ್ದಾಗ ಸುದ್ದಿ ಬಂತು. ಉಸ್ತಾದ ಚಳಿಗಾಲದಲ್ಲಿ ಜೈಲಿನಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಬಿಡುಗಡೆಯ ಪಟ್ಟಿಯಲ್ಲಿ ಅವನ ಹೆಸರಿತ್ತಂತೆ, ಪಟ್ಟಿ ಬರುವುದು ತಡವಾಯಿತಂತೆ. ಅವನ ಅಕ್ಕ ಗದ್ವಾಲದಲ್ಲಿದ್ದಾಳೆ ಎಂದು ಗೊತ್ತಿತ್ತು. ಹೋಗಲು ಮತ್ತೆ ಎಂಟು ತಿಂಗಳು ಹಿಡಿಯಿತು ನನಗೆ. ಎರಡು ಸಲ ಕೃಷ್ಣೆಯ ದಡದವರೆಗೆ ಹೋಗಿ, ಹರಿಗೋಲು ಬರುವುದನ್ನು ನೋಡಿ, ಹಿಂದಿರುಗಿದ್ದೆ. ನೀರಿಗೆ ಹೆದರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ಸಲ ದಾಟಿದೆ.

ಅಕ್ಕನ ಮನೆ ಮಕ್ಕಳಿಂದ ತುಂಬಿತ್ತು. ಬಳೆ ಮಾರುವ ಮನೆ, ಜಗಲಿಯ ತುಂಬ ಹುಲ್ಲು, ಒಡೆದ ಬಳೆಚೂರು. ನಾನು ನಾರಾಯಣಪೇಟೆಯ ಡ್ರಿಲ್ ಮಾಸ್ತರ ಎಂದಾಗ ಅವಳು ಸೆರಗು ಸರಿಮಾಡಿಕೊಂಡು ಕಣ್ಣು ಒರೆಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಅವಳು ಚಹಾ ತಂದಳು. ನಾನು ಹಾಳೆ ಬಿಚ್ಚಿದೆ. ಅವಳಿಗೆ ಓದು ಬಾರದು, ತಮ್ಮನ ಅಕ್ಷರದ ಮೇಲೆ ಬೆರಳಾಡಿಸಿ ‘ಓದ್ರಿ’ ಎಂದಳು. ಓದಿದೆ. ಬ್ರಿಟನ್ನಿನದು, ಸ್ವೀಡನ್ನಿನದು. ಲಕ್ಸೆಂಬರ್ಗಿನ ಮಾತಿಗೆ ಅವಳು ಬಾಯಿಗೆ ಕೈ ಇಟ್ಟು ನಕ್ಕಳು, ಮಕ್ಕಳೂ ನಕ್ಕವು. ಕೊನೆಯ ಸಾಲನ್ನೂ ಓದಿದೆ, ಅವನ ರುಜುವಿನವರೆಗೆ. ಅವಳು ಕೊನೆಯ ಖಾಲಿ ಅಂಕಣ ತೋರಿಸಿ, ‘ಇಲ್ಲಿ ಯಾಕ ಏನೂ ಇಲ್ಲ?’ ಎಂದಳು.

‘ಫಲ ಬರಿಯೋದಿತ್ತು’ ಎಂದೆ. ‘ಹಿಂದುಸ್ತಾನ ಸೋತ್ತು. ಒಂದಕ್ಕ ಎರಡು.’

‘ಅದನ್ನಾ ಕೇಳ್ತಿದ್ದ ಅವ. ಜೈಲಿನಿಂದ ಒಂದ ಕಾರ್ಡ್ ಬಂದಿತ್ತು. ಓಣ್ಯಾಗಿನ ಮುಲ್ಲಾ ಸಾಬ್ರು ಓದಿ ಹೇಳಿದ್ರು.’ ಅವಳು ನನ್ನ ಹತ್ತಿರ ಸರಿದು, ಮುಖವನ್ನೇ ನೋಡುತ್ತ, ದನಿ ಎತ್ತರಿಸಿ ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು, ‘ಡ್ರಿಲ್ ಮಾಸ್ತರಿಗೆ ಪಾಪ ಗದ್ದಲದಾಗ ಕಿವಿ ಮಂದ ಆಗ್ಯಾವ, ನಾ ಕೂಗಿದ್ದು ಅವರಿಗೆ ಕೇಳಿಸಲಿಲ್ಲ, ಅವರು ಬಂದ್ರ ಜೋರಾಗಿ ಮಾತಾಡ್ರಿ, ಬ್ಯಾಸರ ಮಾಡ್ಕೊಬ್ಯಾಡ್ರಿ ಅಂತ ಬರದಿದ್ದ. ಈಗ ಹ್ಯಾಂಗದಾವ್ರಿ ಕಿವಿ?’

ಚಹಾದ ಬಸಿ ಕೆಳಗಿಟ್ಟೆ. ಕೇಳಿಸುತ್ತದೆ ಎನ್ನಲು ನನ್ನಿಂದಾಗಲಿಲ್ಲ. ‘ಇನ್ನೂ ಹಂಗಾ ಅದಾವವ್ವಾ’ ಎಂದೆ. ಅವಳು ಮಕ್ಕಳಿಗೆಲ್ಲ ಹೇಳಿದಳು. ಸಂಜೆ ನಾನು ಹರಿಗೋಲಿಗೆ ಹೊರಡುವವರೆಗೂ ಆ ಮನೆಯಲ್ಲಿ ಸಣ್ಣ ಕೂಸೂ ನನ್ನ ಕಿವಿಯ ಹತ್ತಿರ ಬಂದು, ಜೋರಾಗಿ, ಪ್ರೀತಿಯಿಂದ ಕೂಗಿ ಮಾತಾಡಿತು.